ಲಾಕಪ್ ಹಿಂಸೆ: ಕಾನೂನು ಹೇಳುವುದೇನು, ಮನೆಯವರು ಮಾಡಬೇಕಾದ್ದೇನು

ಪೊಲೀಸ್ ವಶದಲ್ಲಿರುವ ವ್ಯಕ್ತಿಯನ್ನು ಹೊಡೆಯುವ ಅಧಿಕಾರ ಭಾರತದ ಯಾವ ಕಾನೂನಿನಲ್ಲೂ ಯಾರಿಗೂ ಇಲ್ಲ. ಕೊಲೆ ಆರೋಪಿಯೇ ಇರಲಿ, ಮೊಬೈಲ್ ಕದ್ದ ಅನುಮಾನಕ್ಕೆ ಸಿಕ್ಕಿಬಿದ್ದ ಹುಡುಗನೇ ಇರಲಿ, ಠಾಣೆಯೊಳಗೆ ಅವನ ಮೈಮೇಲೆ ಬೀಳುವ ಪ್ರತಿ ಏಟೂ ಅಪರಾಧ. ಬಂಧಿಸುವಾಗ ಪ್ರತಿರೋಧ ಎದುರಾದರೆ ಅದನ್ನು ಹತ್ತಿಕ್ಕಲು ಬೇಕಾದಷ್ಟು ಬಲ, ಗಲಭೆಯ ಗುಂಪನ್ನು ಚದುರಿಸಲು ಬೇಕಾದಷ್ಟು ಬಲ, ಇಷ್ಟಕ್ಕೆ ಮಾತ್ರ ಅನುಮತಿ ಉಂಟು. ಕೈಗೆ ಸಿಕ್ಕವನ ಬಾಯಿ ಬಿಡಿಸಲು, ಬುದ್ಧಿ ಕಲಿಸಲು, ಊರಿನ ದೊಡ್ಡವರನ್ನು ಮೆಚ್ಚಿಸಲು ಹೊಡೆಯುವುದಕ್ಕೆ ಇಲ್ಲ. ತಪ್ಪೊಪ್ಪಿಗೆ ಅಥವಾ ಮಾಹಿತಿ ಪಡೆಯಲು ಗಾಯಪಡಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಂ 7 ವರ್ಷದವರೆಗೆ ಜೈಲು ವಿಧಿಸುತ್ತದೆ. ತೀವ್ರ ಗಾಯವಾದರೆ 10 ವರ್ಷದವರೆಗೆ.

ಆದರೂ ‘ಥರ್ಡ್ ಡಿಗ್ರಿ’, ‘ಏರೋಪ್ಲೇನ್ ಹತ್ತಿಸುವುದು’, ‘ಬೆಂಡೆತ್ತುವುದು’ ಎಂಬ ಮಾತುಗಳು ಮನೆಮನೆಗೂ ಗೊತ್ತು. ತೆರೆಯ ಮೇಲೆ ಪೊಲೀಸ್ ಅಧಿಕಾರಿ ಲಾಠಿ ಬೀಸಿದರೆ ಶಿಳ್ಳೆ ಬೀಳುತ್ತದೆ. ‘ನಾಲ್ಕು ಬಿಟ್ಟರೆ ತಾನೇ ನಿಜ ಹೊರಗೆ ಬರೋದು’ ಎಂದು ಓದಿದವರೂ ಹೇಳುತ್ತಾರೆ. ಜನರ ಈ ಒಪ್ಪಿಗೆಯ ಬಲದ ಮೇಲೆಯೇ ಹಿಂಸೆ ನಡೆಯುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಅಂಕಿಅಂಶಗಳಂತೆ 2001ರಿಂದ 2020ರವರೆಗೆ ದೇಶದಲ್ಲಿ ಪೊಲೀಸ್ ವಶದಲ್ಲಿ ಸತ್ತವರು 1,888 ಮಂದಿ. ಪೊಲೀಸರ ಮೇಲೆ ದಾಖಲಾದ ಪ್ರಕರಣಗಳು 893, ಶಿಕ್ಷೆಯಾದ ಪೊಲೀಸರು 26. ಈ ಸಾವುಗಳೆಲ್ಲವೂ ಹೊಡೆತದಿಂದಾದವಲ್ಲ; ಕಾಯಿಲೆ, ಆತ್ಮಹತ್ಯೆ ಎಂದು ದಾಖಲಾದವೂ ಸೇರಿವೆ. ಆದರೆ ಏಟು ತಿಂದು ಬದುಕಿ ಬಂದು ಬಾಯಿ ಮುಚ್ಚಿಕೊಂಡವರು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಏಟು ಬೀಳುವ ಹೊತ್ತು

ಪೊಲೀಸರ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಇದು ಬ್ರಿಟಿಷರ ಕಾಲದಿಂದ ಬಂದ ನಿಯಮ. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಉಳಿದಿದೆ. ಹಾಗಿದ್ದ ಮೇಲೆ ಹೊಡೆದು ಒಪ್ಪಿಸುವುದೇಕೆ? ಅದೇ ಕಲಮಿನಲ್ಲಿರುವ ವಿನಾಯಿತಿಯಲ್ಲಿ ಉತ್ತರವಿದೆ. ಆರೋಪಿ ಕೊಟ್ಟ ಮಾಹಿತಿಯಿಂದ ಕದ್ದ ಮಾಲು ಅಥವಾ ಆಯುಧ ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ. ಠಾಣೆಯ ಭಾಷೆಯಲ್ಲಿ ಇದು ‘ರಿಕವರಿ’. ಕಳವು ಪ್ರಕರಣಗಳಲ್ಲಿ ಹಿಂಸೆ ಹೆಚ್ಚಾಗಿ ರಿಕವರಿಯ ಸುತ್ತಲೇ ನಡೆಯುತ್ತದೆ. ಮೇಲಧಿಕಾರಿಗಳ ಒತ್ತಡ, ಪತ್ರಿಕೆಗಳ ಒತ್ತಡ, ವಿಧಿವಿಜ್ಞಾನದ ವರದಿಗಾಗಿ ಕಾಯುವಷ್ಟು ವ್ಯವಧಾನವಾಗಲಿ ಸಿಬ್ಬಂದಿಯಾಗಲಿ ಇಲ್ಲದ ಸ್ಥಿತಿ, ಎಲ್ಲವೂ ಸೇರಿ ಲಾಠಿಯನ್ನು ತನಿಖೆಯ ಅಡ್ಡದಾರಿಯಾಗಿಸಿವೆ. ಏಟಿಗೆ ಹೆದರಿ ಮಾಡದ ತಪ್ಪನ್ನು ಒಪ್ಪಿಕೊಂಡವನು ಒಳಗೆ ಹೋದಾಗ ನಿಜವಾದ ಅಪರಾಧಿ ಹೊರಗೆ ಉಳಿಯುತ್ತಾನೆ ಎಂಬುದು ತನಿಖೆಯ ಲೆಕ್ಕದಲ್ಲೂ ದೊಡ್ಡ ನಷ್ಟ.

ಹೆಚ್ಚಿನ ಹಿಂಸೆ ನಡೆಯುವುದು ಬಂಧನ ದಾಖಲಾದ ಮೇಲಲ್ಲ, ಅದಕ್ಕೂ ಮುಂಚೆ. ‘ಎತ್ತಾಕ್ಕೊಂಡು ಹೋದರು’ ಎಂದು ಮನೆಯವರು ಹೇಳುವ ಹೊತ್ತಿಗೂ ಠಾಣೆಯ ಪುಸ್ತಕದಲ್ಲಿ ‘ಬಂಧಿಸಲಾಯಿತು’ ಎಂದು ಬರೆಯುವ ಹೊತ್ತಿಗೂ ನಡುವೆ ಕೆಲವು ಗಂಟೆ, ಕೆಲವೊಮ್ಮೆ ಕೆಲವು ದಿನ ಅಂತರವಿರುತ್ತದೆ. ಕೇಳಿದರೆ ‘ಸುಮ್ಮನೆ ವಿಚಾರಣೆಗೆ ಕರೆಸಿದ್ದೀವಿ’ ಎಂಬ ಉತ್ತರ. ಕಾಗದದ ಮೇಲೆ ಆ ವ್ಯಕ್ತಿ ವಶದಲ್ಲೇ ಇಲ್ಲ. ಆದ್ದರಿಂದ 24 ಗಂಟೆಯ ಗಡುವೂ ಇಲ್ಲ, ವೈದ್ಯರ ತಪಾಸಣೆಯೂ ಇಲ್ಲ, ವಕೀಲರೂ ಇಲ್ಲ. ಮುಂದೆ ವಿವರಿಸುವ ಕ್ರಮಗಳಲ್ಲಿ ಬಹುಪಾಲು, ದಾಖಲೆಯೇ ಇಲ್ಲದ ಈ ಗಂಟೆಗಳನ್ನು ಹೇಗಾದರೂ ದಾಖಲೆಗೆ ತರುವುದಕ್ಕಾಗಿ ಇರುವಂಥವು.

ಲಾಕಪ್ ಹಿಂಸೆ ಕಳ್ಳಕಾಕರಿಗೆ ಮಾತ್ರ ಆಗುವಂಥದ್ದು ಎಂಬ ನಂಬಿಕೆ ಸುಳ್ಳು. ಜಮ್ಮು–ಕಾಶ್ಮೀರದ ಕುಪ್ವಾರಾದಲ್ಲಿ 2023ರ ಫೆಬ್ರವರಿಯಲ್ಲಿ ಚಿತ್ರಹಿಂಸೆಗೆ ಒಳಗಾದವರು ಸ್ವತಃ ಪೊಲೀಸ್ ಕಾನ್‌ಸ್ಟೆಬಲ್. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣವನ್ನು ಸಿಬಿಐಗೆ ಒಪ್ಪಿಸಿ, ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು.

ಒಬ್ಬನಿಗೆ ಬಿದ್ದ ಏಟು, ಊರಿಗೆಲ್ಲ ನೋವು

ಹಿಂಸೆ ಎಲ್ಲರ ಮೇಲೂ ಒಂದೇ ಅಳತೆಯಲ್ಲಿ ಬೀಳುವುದಿಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿತು. ಅಂಥ ಕುಟುಂಬಗಳು ಪೊಲೀಸರ ಮುಂದೆ ಹಾಜರಿ ಹಾಕಬೇಕಿತ್ತು, ಅನುಮತಿ ಇಲ್ಲದೆ ಊರು ಬಿಡುವಂತಿರಲಿಲ್ಲ. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇದಕ್ಕೆಂದೇ ವಸಾಹತುಗಳಿದ್ದವು; ಹುಬ್ಬಳ್ಳಿಯಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಬಡಾವಣೆಯ ಹೆಸರು ಇವತ್ತಿಗೂ ಉಳಿದಿದೆ. ಕಾಯ್ದೆ 1952ರಲ್ಲಿ ರದ್ದಾಯಿತು, ಅನುಮಾನ ರದ್ದಾಗಲಿಲ್ಲ. ಕೊರಮ, ಕೊರಚ, ಗಂಟಿಚೋರ, ಪಾರ್ಧಿ ಮುಂತಾದ ಸಮುದಾಯಗಳವರು ಸುತ್ತಮುತ್ತ ಎಲ್ಲೇ ಕಳವಾದರೂ ಪೊಲೀಸ್ ಜೀಪು ಮೊದಲು ತಮ್ಮ ಓಣಿಗೇ ಬರುತ್ತದೆ ಎಂಬ ಭಯದಲ್ಲಿ ಬದುಕುತ್ತ ಬಂದಿದ್ದಾರೆ. ದಲಿತರು, ಮುಸ್ಲಿಮರು, ವಲಸೆ ಕೂಲಿಗಳು, ಲಿಂಗತ್ವ ಅಲ್ಪಸಂಖ್ಯಾತರು, ಅಂದರೆ ಫೋನ್ ಮಾಡಿ ಬಿಡಿಸಿಕೊಳ್ಳಲು ‘ನಮ್ಮೋರು’ ಯಾರೂ ಇಲ್ಲದವರು, ಸುಲಭಕ್ಕೆ ಸಿಗುತ್ತಾರೆ.

ಮಲೆ ಮಹದೇಶ್ವರ ಬೆಟ್ಟದ ಸುತ್ತಲ ಹಳ್ಳಿಗಳ ಅನುಭವ ಕರ್ನಾಟಕ ಮರೆಯಬಾರದ ಅಧ್ಯಾಯ. ಕಾಡುಗಳ್ಳ ವೀರಪ್ಪನ್ ಬೇಟೆಗೆಂದು ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆಗಳು 1990ರ ದಶಕದಲ್ಲಿ ಗಡಿಯ ಕಾಡಂಚಿನಲ್ಲಿ ಬೀಡುಬಿಟ್ಟವು. ಆಹಾರ ಕೊಟ್ಟರೆಂದು, ಸುಳಿವು ಕೊಡಲಿಲ್ಲವೆಂದು ಹಳ್ಳಿಗರನ್ನು ಹಿಡಿದೊಯ್ದರು. ಬೆಟ್ಟದ ಮೇಲಿನ ಚಿತ್ರಹಿಂಸೆಯ ತಾಣಕ್ಕೆ ‘ವರ್ಕ್‌ಶಾಪ್’ ಎಂದು ಹೆಸರು ಬಿದ್ದಿತ್ತು. ವಿದ್ಯುತ್ ಶಾಕ್ ಕೊಟ್ಟ, ತಲೆಕೆಳಗಾಗಿ ನೇತುಹಾಕಿದ, ಹೆಂಗಸರ ಮೇಲೆ ಅತ್ಯಾಚಾರ ಎಸಗಿದ ದೂರುಗಳು ಬಂದವು. ನೂರಕ್ಕೂ ಹೆಚ್ಚು ಜನ ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಮೈಸೂರಿನ ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತರು; 2001ರ ತೀರ್ಪಿನಲ್ಲಿ ಅವರಲ್ಲಿ ಹೆಚ್ಚಿನವರು ಖುಲಾಸೆಯಾದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಸಮಿತಿ ವರದಿ ಕೊಟ್ಟ ನಂತರ, 2007ರ ಜನವರಿಯಲ್ಲಿ, 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಶಿಫಾರಸಾಯಿತು. ಅಷ್ಟರಲ್ಲಿ ಒಂದು ತಲೆಮಾರೇ ಕಳೆದಿತ್ತು. ಗಂಡಸರು ಜೈಲಿನಲ್ಲಿದ್ದಾಗ ಹೊಲ ಪಾಳುಬಿತ್ತು, ಮಕ್ಕಳು ಶಾಲೆ ಬಿಟ್ಟರು. ಈ ನಷ್ಟಗಳು ಯಾವ ಪರಿಹಾರದ ಪಟ್ಟಿಗೂ ಬರಲಿಲ್ಲ.

ಗಡಿಯಾಚೆ ಧರ್ಮಪುರಿ ಜಿಲ್ಲೆಯ ವಾಚಾತಿಯಲ್ಲಿ 1992ರ ಜೂನ್‌ನಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ಸಿಬ್ಬಂದಿ ಶ್ರೀಗಂಧ ಹುಡುಕುವ ನೆಪದಲ್ಲಿ ಬುಡಕಟ್ಟು ಜನರ ಇಡೀ ಊರಿನ ಮೇಲೆಯೇ ಎರಗಿದರು. 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ಆ ಊರಿನವರು ಪಟ್ಟುಬಿಡಲಿಲ್ಲ. 269 ಆರೋಪಿಗಳ ಪೈಕಿ ಬದುಕಿದ್ದ 215 ಮಂದಿಗೂ 2011ರಲ್ಲಿ ಶಿಕ್ಷೆಯಾಯಿತು, 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಂದು ಊರು ಒಟ್ಟಾಗಿ ಸಾಕ್ಷಿ ಹೇಳಿದರೆ ಏನಾಗಬಹುದು ಎನ್ನುವುದಕ್ಕೆ ಈ ದೇಶದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ.

ಹಿಂಸೆ ಅನುಭವಿಸಿದವರಲ್ಲಿ ನಿದ್ದೆಗೇಡು, ಬಾಗಿಲು ಬಡಿದರೆ ಬೆಚ್ಚುವುದು, ಖಾಕಿ ಕಂಡರೆ ನಡುಕ, ಸಿಟ್ಟು, ಕುಡಿತ ಮುಂತಾದವು ವರ್ಷಗಳ ನಂತರವೂ ಉಳಿಯುತ್ತವೆ. ಅಪ್ಪನನ್ನು ಎಳೆದೊಯ್ದುದನ್ನು ಕಂಡ ಮಕ್ಕಳಿಗೂ ಇದು ಅಂಟುತ್ತದೆ. ಠಾಣೆಗೆ ಹೋಗಿ ಬಂದವನನ್ನು ಕೆಲಸದಿಂದ ತೆಗೆಯುತ್ತಾರೆ, ಬಾಡಿಗೆ ಮನೆ ಖಾಲಿ ಮಾಡಿಸುತ್ತಾರೆ. ಮುಂದೆ ಅದೇ ಓಣಿಯಲ್ಲಿ ಹೆಣ್ಣುಮಗಳಿಗೆ ಕಿರುಕುಳವಾದರೂ, ಬಡ್ಡಿಯವನು ಮನೆಗೆ ನುಗ್ಗಿದರೂ ಯಾರೂ ದೂರು ಕೊಡಲು ಹೋಗುವುದಿಲ್ಲ. ಪೊಲೀಸರಿಗೆ ಸಿಗಬೇಕಾದ ಸುಳಿವು, ಸಾಕ್ಷಿ, ಸಹಕಾರ ಎಲ್ಲವೂ ಅಲ್ಲಿಗೆ ನಿಂತುಹೋಗುತ್ತವೆ. ಭಯ ಸಿಟ್ಟಾಗಿ ಸಿಡಿಯುವುದೂ ಉಂಟು. 2024ರ ಮೇನಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ ಮಟ್ಕಾ ಆರೋಪದ ಮೇಲೆ ಠಾಣೆಗೆ ಕರೆತಂದ ವ್ಯಕ್ತಿ ಸತ್ತಾಗ ಗುಂಪು ಠಾಣೆಗೇ ನುಗ್ಗಿ ವಾಹನ ಉರುಳಿಸಿತು, ಪೊಲೀಸರು ಗಾಯಗೊಂಡರು, ತನಿಖೆ ಸಿಐಡಿಗೆ ಹೋಯಿತು. ಸಾವಿನ ಕಾರಣ ಏನೇ ಇರಲಿ, ಜನರಿಗೆ ಠಾಣೆಯ ಮಾತಿನಲ್ಲಿ ನಂಬಿಕೆ ಉಳಿಯದ ಕಡೆ ಆಗುವುದು ಹೀಗೆಯೇ. ಆನಂತರ ನಡೆಯುವ ಬಂಧನಗಳಲ್ಲಿ ಇನ್ನೂ ಹತ್ತಾರು ಮನೆಗಳು ಸಿಕ್ಕಿಬೀಳುತ್ತವೆ.

‘ಸ್ಟೇಷನ್‌ಗೆ ಬಾ’ ಎಂದಾಗ

ಫೋನ್ ಮಾಡಿ ಕರೆದರೆಂದು ಓಡಬೇಕಾಗಿಲ್ಲ. ಲಿಖಿತ ನೋಟಿಸ್ ಕೇಳಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನಂತೆ ಸಾಕ್ಷಿಯನ್ನು ಕರೆಸಲು ಲಿಖಿತ ಆದೇಶ ಬೇಕು. 15 ವರ್ಷದೊಳಗಿನ ಮತ್ತು 60 ದಾಟಿದ ಗಂಡಸರು, ಯಾವುದೇ ವಯಸ್ಸಿನ ಹೆಂಗಸರು, ಅಂಗವಿಕಲರು, ತೀವ್ರ ಕಾಯಿಲೆ ಇರುವವರು ತಾವಾಗಿ ಒಪ್ಪದ ಹೊರತು ಠಾಣೆಗೆ ಹೋಗಬೇಕಾಗಿಲ್ಲ. ಪೊಲೀಸರೇ ಮನೆಗೆ ಬಂದು ವಿಚಾರಿಸಬೇಕು. 7 ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಆರೋಪಿಯನ್ನು ತಕ್ಷಣ ಬಂಧಿಸುವ ಬದಲು 35ನೇ ಕಲಮಿನಡಿ ಹಾಜರಾಗಲು ನೋಟಿಸ್ ಕೊಡುವುದೇ ನಿಯಮ; ಬಂಧಿಸಲೇಬೇಕಿದ್ದರೆ ಕಾರಣ ಬರೆದಿಡಬೇಕು. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಕಟ್ಟುನಿಟ್ಟಾಗಿ ಹೇಳಿದೆ. ಈ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ. ನೋಟಿಸ್ ನಿಯಮದಂತೆ ಬಂದರೆ ತಪ್ಪಿಸಿಕೊಳ್ಳಬಾರದು. ಹೋಗದಿದ್ದರೆ ಅದೇ ಬಂಧನಕ್ಕೆ ಕಾರಣವಾಗುತ್ತದೆ. ಒಬ್ಬರೇ ಹೋಗದೆ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗುವುದು, ಠಾಣೆಯ ಬಾಗಿಲಲ್ಲಿ ನಿಂತು ಮನೆಗೆ ‘ಇಷ್ಟು ಗಂಟೆಗೆ ಒಳಗೆ ಹೋಗುತ್ತಿದ್ದೇನೆ’ ಎಂದು ಸಂದೇಶ ಕಳಿಸುವುದು ಸಣ್ಣ ಕೆಲಸವೇ. ಆದರೆ ಸಮಯ ನಮೂದಾದ ಆ ಸಂದೇಶವೇ ಮುಂದೆ ನ್ಯಾಯಾಲಯದಲ್ಲಿ ಗಟ್ಟಿ ಪುರಾವೆ.

ಯಾರನ್ನಾದರೂ ಏನೂ ಹೇಳದೆ ಕರೆದೊಯ್ದಿದ್ದರೆ ಮನೆಯವರು ತಡಮಾಡದೆ ಮಾಡಬೇಕಾದ ಕೆಲಸಗಳಿವೆ. ಬಂದ ಸಮಯ, ಎಷ್ಟು ಜನ, ಸಮವಸ್ತ್ರದಲ್ಲಿದ್ದರೇ ಇಲ್ಲವೇ, ವಾಹನದ ನಂಬರ್, ಕಂಡ ನೆರೆಹೊರೆಯವರ ಹೆಸರು ಇಷ್ಟನ್ನೂ ಅಂದೇ ಬರೆದಿಡಬೇಕು. ಅಂಗಡಿ, ಅಪಾರ್ಟ್‌ಮೆಂಟ್‌ಗಳ ಕ್ಯಾಮೆರಾ ದೃಶ್ಯ ಅಳಿಸಿಹೋಗುವ ಮುನ್ನ ಪ್ರತಿ ಮಾಡಿಟ್ಟುಕೊಳ್ಳಬೇಕು. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಅಥವಾ ಪೊಲೀಸ್ ಆಯುಕ್ತರಿಗೆ ಇಮೇಲ್ ಕಳಿಸಿ, ಜೊತೆಗೆ ನೋಂದಾಯಿತ ಅಂಚೆಯಲ್ಲೂ ಪತ್ರ ಹಾಕಬೇಕು. ಸಂಹಿತೆಯ 37ನೇ ಕಲಮಿನಂತೆ ಪ್ರತಿ ಜಿಲ್ಲೆಯಲ್ಲಿ ಪೊಲೀಸ್ ನಿಯಂತ್ರಣ ಕೊಠಡಿ ಇರಬೇಕು, ಬಂಧಿತರ ಹೆಸರು, ವಿಳಾಸ, ಆರೋಪಗಳನ್ನು ಪ್ರತಿ ಠಾಣೆಯಲ್ಲೂ ಜನರಿಗೆ ಕಾಣುವಂತೆ ಪ್ರದರ್ಶಿಸಬೇಕು. ಎಎಸ್‌ಐಗಿಂತ ಕಡಿಮೆಯಲ್ಲದ ಅಧಿಕಾರಿಯೊಬ್ಬರು ಇದಕ್ಕೆ ಹೊಣೆ. ಆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಬೋರ್ಡಿನ ಫೋಟೊ ತೆಗೆದಿಟ್ಟುಕೊಂಡರೆ ಅಕ್ರಮ ಬಂಧನ ಸಾಬೀತುಪಡಿಸಲು ನೆರವಾಗುತ್ತದೆ. ಅಕ್ರಮವಾಗಿ ಕೂಡಿಟ್ಟಿದ್ದಾರೆ ಎಂಬ ಅನುಮಾನ ಬಲವಾಗಿದ್ದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ (ಜೆಎಂಎಫ್‌ಸಿ) ನ್ಯಾಯಾಲಯದಿಂದ ಶೋಧನಾ ವಾರಂಟ್ ಕೇಳಬಹುದು, ಅಥವಾ ಹೈಕೋರ್ಟಿನ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ಆ ವ್ಯಕ್ತಿಯನ್ನು ಹಾಜರುಪಡಿಸುವಂತೆ ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು.

ಬಂಧನದ ವೇಳೆ

1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು ಅವರು ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಲಗತ್ತಿಸಿ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಅದನ್ನೇ ರಿಟ್ ಅರ್ಜಿಯಾಗಿ ಪರಿಗಣಿಸಿದ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ 11 ನಿರ್ದೇಶನಗಳನ್ನು ಕೊಟ್ಟಿತು. ಈಗ ಅವುಗಳಲ್ಲಿ ಹಲವು ಕಾಯ್ದೆಯೊಳಗೇ ಸೇರಿವೆ. ಬಂಧಿಸುವ ಅಧಿಕಾರಿಯ ಹೆಸರು ಎದೆಯ ಮೇಲೆ ಸ್ಪಷ್ಟವಾಗಿ ಕಾಣಬೇಕು. ದಿನಾಂಕ, ಸಮಯ ನಮೂದಿಸಿದ ಬಂಧನ ಮೆಮೊ ಬರೆಯಬೇಕು. ಅದಕ್ಕೆ ಮನೆಯವರು ಅಥವಾ ಆ ಪ್ರದೇಶದ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕು, ಬಂಧಿತನೂ ಸಹಿ ಹಾಕಬೇಕು. ಖಾಲಿ ಹಾಳೆಗೆ ಸಹಿ ಹಾಕಬಾರದು. ಬರೆದ ಸಮಯ ಸುಳ್ಳಾಗಿದ್ದರೆ ಸಹಿಯ ಪಕ್ಕದಲ್ಲೇ ನಿಜವಾದ ಸಮಯ ಬರೆಯಬಹುದು. ಬಂಧನದ ಸುದ್ದಿಯನ್ನು ಆತ ಹೇಳಿದ ವ್ಯಕ್ತಿಗೆ ತಿಳಿಸುವುದು ಪೊಲೀಸರ ಕರ್ತವ್ಯ.

ಬಂಧನದ ಕಾರಣಗಳನ್ನು ಬಾಯಿಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ. ಎಲ್ಲ ಅಪರಾಧಗಳಲ್ಲೂ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕು, ಸ್ಥಳದಲ್ಲೇ ಆಗದಿದ್ದರೆ ರಿಮಾಂಡ್‌ಗೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲಾದರೂ ಕೈಗೆ ಸೇರಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಮುಂಬೈಯಲ್ಲೋ ಚೆನ್ನೈಯಲ್ಲೋ ಸಿಕ್ಕಿಬಿದ್ದ ಕನ್ನಡಿಗ ಕೂಲಿಗೂ, ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಒಡಿಶಾದ ಕೂಲಿಗೂ ಈ ಮಾತು ಒಂದೇ.

ವಿಚಾರಣೆಯ ನಡುವೆ ವಕೀಲರನ್ನು ಭೇಟಿಯಾಗುವ ಹಕ್ಕಿದೆ. ವಿಚಾರಣೆಯುದ್ದಕ್ಕೂ ಅವರು ಜೊತೆಗೆ ಕೂರುವ ಹಕ್ಕು ಮಾತ್ರ ಇಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದು ಎಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಹೆಂಗಸರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ. ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಬಂಧಿಸಬೇಕು. 18 ತುಂಬದ ಮಕ್ಕಳನ್ನು ಲಾಕಪ್‌ನಲ್ಲಿ ಇಡಲೇಬಾರದು. ಕೋಳ ತೊಡಿಸಿ ಬೀದಿಯಲ್ಲಿ ಮೆರವಣಿಗೆ ಮಾಡುವುದೂ ಹಿಂಸೆಯೇ. ಕೋಳ ಹಾಕಿಸಿಕೊಂಡು ಅವಮಾನಕ್ಕೊಳಗಾದ ಕಾನೂನು ವಿದ್ಯಾರ್ಥಿಯೊಬ್ಬರಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕರ್ನಾಟಕ ಹೈಕೋರ್ಟ್ 2022ರಲ್ಲಿ ಆದೇಶಿಸಿತ್ತು.

ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಭಾನುವಾರ, ಹಬ್ಬ ಎಂಬ ನೆಪ ನಡೆಯದು. ರಜೆಯಿದ್ದರೆ ಮ್ಯಾಜಿಸ್ಟ್ರೇಟರ ಮನೆಗಾದರೂ ಕರೆದೊಯ್ಯಬೇಕು. ಬಾಯಿ ತೆರೆದು ಹೇಳಬೇಕಾದ ಜಾಗ ಇದು. ‘ಹೊಡೆದಿದ್ದಾರೆ ಸ್ವಾಮಿ’ ಎಂದು ಹೇಳಿ, ಗಾಯ ತೋರಿಸಿ, ಅದನ್ನು ಆದೇಶದಲ್ಲಿ ಬರೆದುಕೊಳ್ಳುವಂತೆ ಕೇಳಬೇಕು. ಹಿಂದೆ ನಿಂತ ಪೊಲೀಸರ ಭಯದಿಂದ ಬಹಳ ಜನ ಇಲ್ಲಿ ಸುಮ್ಮನಾಗುತ್ತಾರೆ, ಅದಕ್ಕೇ ವಕೀಲರು ಇರಲೇಬೇಕು. ಬಿಹಾರದ ಭಾಗಲ್ಪುರದಲ್ಲಿ 1979–80ರಲ್ಲಿ ಪೊಲೀಸರು ಆರೋಪಿಗಳ ಕಣ್ಣಿಗೆ ಆ್ಯಸಿಡ್ ಸುರಿದು ಕುರುಡಾಗಿಸಿದ ಪ್ರಕರಣದಲ್ಲಿ, ಮೊದಲ ಹಾಜರಾತಿಯಿಂದಲೇ ಬಡ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಒದಗಿಸಬೇಕು ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿತು. ವಶದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ ಸಂಖ್ಯೆ 15100. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೂ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ.

ಗಾಯ ಮಾಯುವ ಮೊದಲು

ಬಂಧನವಾದ ಕೂಡಲೇ ಸರ್ಕಾರಿ ವೈದ್ಯರಿಂದ ತಪಾಸಣೆ ಮಾಡಿಸುವುದು ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಮಿನಂತೆ ಕಡ್ಡಾಯ. ವರದಿಯ ಪ್ರತಿ ಬಂಧಿತನಿಗೆ ಅಥವಾ ಆತ ಸೂಚಿಸಿದವರಿಗೆ ಸಿಗಬೇಕು. ವಶದಲ್ಲಿರುವಷ್ಟು ದಿನ 48 ಗಂಟೆಗೊಮ್ಮೆ ತಪಾಸಣೆ ನಡೆಯಬೇಕೆಂಬುದು ಬಸು ತೀರ್ಪಿನ ನಿರ್ದೇಶನ. ಇದು ಶಾಸ್ತ್ರಕ್ಕೆ ಮಾಡಿ ಮುಗಿಸುವ ಕೆಲಸವಾದರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಸಾತಾನಕುಳಂ ಸಾಕ್ಷಿ. 2020ರ ಜೂನ್‌ನಲ್ಲಿ, ಲಾಕ್‌ಡೌನ್ ಸಮಯ ಮೀರಿ ಮೊಬೈಲ್ ಅಂಗಡಿ ತೆರೆದಿದ್ದರು ಎಂಬ ಆರೋಪಕ್ಕೆ ಠಾಣೆ ಸೇರಿದ ತಂದೆ–ಮಗ ಇಬ್ಬರೂ ದಿನಗಳೊಳಗೆ ಸತ್ತರು. ರಾತ್ರಿಯಿಡೀ ಏಟು ತಿಂದಿದ್ದ ಅವರಿಗೆ ಆಸ್ಪತ್ರೆಯಿಂದ ಫಿಟ್‌ನೆಸ್ ಪತ್ರ ಸಿಕ್ಕಿತ್ತು, ನ್ಯಾಯಾಂಗ ಬಂಧನದ ಆದೇಶವೂ ಆಗಿತ್ತು. ಅಂದು ಠಾಣೆಯಲ್ಲಿ ಕಂಡದ್ದನ್ನು ಮ್ಯಾಜಿಸ್ಟ್ರೇಟರ ಮುಂದೆ ಧೈರ್ಯವಾಗಿ ಹೇಳಿದವರು ಅದೇ ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೆಬಲ್.

ಬಿಡುಗಡೆಯಾಗಿ ಬಂದವರು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ವೈದ್ಯಕೀಯ–ಕಾನೂನು ಪ್ರಕರಣದ ದಾಖಲೆ) ಮಾಡಿಸಬೇಕು. ಯಾರು, ಯಾವುದರಿಂದ, ಎಲ್ಲಿಗೆ ಹೊಡೆದರು ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಬೇಕು. ‘ಬಿದ್ದೆ’ ಎಂದು ಬರೆಸಿದರೆ ಮುಂದೆ ಪ್ರಕರಣವೇ ನಿಲ್ಲುವುದಿಲ್ಲ. ಬಾಸುಂಡೆಯ ಬಣ್ಣ ದಿನದಿಂದ ದಿನಕ್ಕೆ ಕೆಂಪಿನಿಂದ ನೀಲಿಗಪ್ಪು, ಹಸಿರು, ಹಳದಿಗೆ ತಿರುಗಿ ಮಾಯವಾಗುತ್ತದೆ. ಹಾಗಾಗಿ ಒಂದೇ ಫೋಟೊ ಸಾಲದು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮುಖವೂ ಕಾಣುವಂತೆ ಒಂದು, ಗಾಯ ಮಾತ್ರ ಹತ್ತಿರದಿಂದ ಒಂದು, ಹೀಗೆ ಕೆಲವು ದಿನ ತೆಗೆಯಬೇಕು. ಅಂಗಾಲಿಗೆ ಬಿದ್ದ ಏಟು ಹೊರಗೆ ಹೆಚ್ಚು ಕಾಣದೆ ಇರಬಹುದು, ನಡೆಯುವಾಗ ಮಾತ್ರ ನೋವು; ಎಕ್ಸ್‌ರೇ ಮಾಡಿಸಬೇಕು. ರಕ್ತದ ಕಲೆಯ ಬಟ್ಟೆಯನ್ನು ಒಗೆಯದೆ, ನೆರಳಲ್ಲಿ ಒಣಗಿಸಿ, ಪ್ಲಾಸ್ಟಿಕ್ ಬದಲು ಕಾಗದದ ಚೀಲದಲ್ಲಿ ಇಡಬೇಕು.

ಪ್ರಾಣ ಉಳಿಸುವ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ತೊಡೆ, ಪೃಷ್ಠದ ದಪ್ಪ ಸ್ನಾಯುಗಳಿಗೆ ತುಂಬ ಏಟು ಬಿದ್ದಾಗ ಸ್ನಾಯು ಒಡೆದು ಅದರಲ್ಲಿನ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸಬಹುದು. ಮೇಲ್ನೋಟಕ್ಕೆ ಗಾಯ ಸಣ್ಣದಿದ್ದರೂ ಮೂತ್ರ ಚಹಾದ ಡಿಕಾಕ್ಷನ್‌ನಂತೆ ಕಂದಾದರೆ ಅಥವಾ ಮೂತ್ರವೇ ಕಡಿಮೆಯಾದರೆ ಒಂದು ಗಂಟೆಯೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹೊಡೆತ ತಿಂದವರು ಒಂದೆರಡು ದಿನ ಬಿಟ್ಟು ಸಾಯುವುದಕ್ಕೆ ಇದೂ ಒಂದು ಕಾರಣ.

ಠಾಣೆಯ ಕ್ಯಾಮೆರಾ ದೃಶ್ಯ ಇನ್ನೊಂದು ಮುಖ್ಯ ಪುರಾವೆ. ಸುಪ್ರೀಂ ಕೋರ್ಟಿನ 2020ರ ಡಿಸೆಂಬರ್ 2ರ ಪರಮವೀರ್ ಸಿಂಗ್ ಸೈನಿ ತೀರ್ಪಿನಂತೆ ಪ್ರತಿ ಠಾಣೆಯ ಬಾಗಿಲು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೊಠಡಿ, ಹಿಂಭಾಗ ಎಲ್ಲ ಕಡೆ ಧ್ವನಿಯನ್ನೂ ಹಿಡಿಯುವ ಸಿಸಿಟಿವಿ ಇರಬೇಕು. ದೃಶ್ಯ 18 ತಿಂಗಳು, ಅಂಥ ಉಪಕರಣ ಸಿಗದ ಕಡೆ ಕನಿಷ್ಠ 1 ವರ್ಷ ಉಳಿಯಬೇಕು. ಸಾತಾನಕುಳಂ ಠಾಣೆಯಲ್ಲಿ ದೃಶ್ಯ ದಿನದಿನವೂ ತಾನಾಗಿ ಅಳಿಯುವಂತೆ ಹೊಂದಿಸಿದ್ದುದನ್ನು ಮ್ಯಾಜಿಸ್ಟ್ರೇಟ್ ಕಂಡಿದ್ದರು. ಆದ್ದರಿಂದ ‘ಇಂಥ ದಿನ, ಇಂಥ ಹೊತ್ತಿನ ದೃಶ್ಯವನ್ನು ಕಾಪಿಡಬೇಕು’ ಎಂದು ಠಾಣಾಧಿಕಾರಿಗೂ ಎಸ್‌ಪಿಗೂ ಕೂಡಲೇ ಬರೆಯಬೇಕು, ಮಾಹಿತಿ ಹಕ್ಕಿನಡಿ ಅರ್ಜಿಯನ್ನೂ ಹಾಕಬೇಕು. ಕೊಡದಿದ್ದರೆ ಮಾನವ ಹಕ್ಕುಗಳ ಆಯೋಗ ಅಥವಾ ನ್ಯಾಯಾಲಯ ತರಿಸಿಕೊಳ್ಳಬಲ್ಲದು.

ದೂರು ಕೊಡುವ ಬಾಗಿಲುಗಳು

ಹೊಡೆದ ಠಾಣೆಯಲ್ಲೇ ದೂರು ಕೊಡಬೇಕೆಂದಿಲ್ಲ. ಯಾವ ಠಾಣೆಯಲ್ಲಾದರೂ ಜೀರೊ ಎಫ್‌ಐಆರ್ ದಾಖಲಿಸಬಹುದು. ನಿರಾಕರಿಸಿದರೆ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಕಲಮಿನಂತೆ ಎಸ್‌ಪಿಗೆ ಅಂಚೆಯಲ್ಲಿ ದೂರು, ಅಲ್ಲಿಯೂ ಆಗದಿದ್ದರೆ ಪ್ರಮಾಣಪತ್ರದೊಂದಿಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಹಿಂಸೆಗೆ ಒಳಗಾದವರು ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯನ್ನೂ ಸೇರಿಸುವಂತೆ ಕೇಳಬೇಕು.

ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪಿನ ಫಲವಾಗಿ ಕರ್ನಾಟಕದಲ್ಲಿ 2012ರ ತಿದ್ದುಪಡಿಯ ಮೂಲಕ ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳು ಬಂದವು. ವಶದಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರದಂಥ ದೂರುಗಳನ್ನು ಇವು ವಿಚಾರಿಸುತ್ತವೆ. ಎಷ್ಟೋ ಜನರಿಗೆ ಇಂಥದ್ದೊಂದು ಇದೆ ಎನ್ನುವುದೇ ಗೊತ್ತಿಲ್ಲ. ಪ್ರತಿ ಠಾಣೆಯ ಗೋಡೆಯ ಮೇಲೂ ಇದರ ವಿಳಾಸ ಇರಬೇಕಿತ್ತು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಕನ್ನಡದಲ್ಲೇ, ಬಿಳಿ ಹಾಳೆಯ ಮೇಲೆ, ಶುಲ್ಕವಿಲ್ಲದೆ, ವಕೀಲರಿಲ್ಲದೆ ದೂರು ಬರೆಯಬಹುದು. ರಾಷ್ಟ್ರೀಯ ಆಯೋಗವೂ ಕನ್ನಡದ ದೂರು ಸ್ವೀಕರಿಸುತ್ತದೆ. ಇಲ್ಲಿ ಎರಡು ಎಚ್ಚರಿಕೆ. ಘಟನೆ ನಡೆದ ಒಂದು ವರ್ಷದೊಳಗೆ ದೂರು ಸಲ್ಲಬೇಕು. ಒಂದೇ ವಿಷಯವನ್ನು ಎರಡೂ ಆಯೋಗಗಳ ಮುಂದೆ ಇಡಬಾರದು. ರಾಜ್ಯ ಆಯೋಗದಲ್ಲಿ ಬಾಕಿ ಇರುವುದನ್ನು ರಾಷ್ಟ್ರೀಯ ಆಯೋಗ ಕೈಗೆತ್ತಿಕೊಳ್ಳುವುದಿಲ್ಲ. ಆಯೋಗಗಳು ಶಿಫಾರಸು ಮಾಡಬಲ್ಲವು, ಶಿಕ್ಷೆ ಕೊಡಲಾರವು ಎಂಬುದನ್ನೂ ನೆನಪಿಡಬೇಕು.

ಪರಿಹಾರಕ್ಕಾಗಿ ನೇರವಾಗಿ ಹೈಕೋರ್ಟಿಗೆ ಹೋಗಬಹುದು. ಒಡಿಶಾದಲ್ಲಿ 22 ವರ್ಷದ ಮಗ 1987ರ ಡಿಸೆಂಬರ್‌ನಲ್ಲಿ ಪೊಲೀಸರು ಕರೆದೊಯ್ದ ಮರುದಿನ ರೈಲು ಹಳಿಯ ಮೇಲೆ ಹೆಣವಾಗಿ ಸಿಕ್ಕಾಗ ತಾಯಿ ನೀಲಬತಿ ಬೆಹೆರಾ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. 1993ರಲ್ಲಿ ನ್ಯಾಯಾಲಯ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಮೂಲಭೂತ ಹಕ್ಕಿನ ಉಲ್ಲಂಘನೆಗೆ ಸರ್ಕಾರವೇ ಹೊಣೆ ಎಂದಿತು. ಇವತ್ತಿಗೂ ಪರಿಹಾರದ ಅರ್ಜಿಗಳೆಲ್ಲ ಆಧರಿಸುವುದು ಆ ತೀರ್ಪನ್ನು.

ವಶದಲ್ಲಿ ಸಾವು ಸಂಭವಿಸಿದರೆ ಅದೇ ಸಂಹಿತೆಯ 196ನೇ ಕಲಮಿನಂತೆ ಪೊಲೀಸ್ ತನಿಖೆಯ ಜೊತೆಗೆ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ಸಾಧ್ಯವಿದ್ದಲ್ಲೆಲ್ಲ ಸಂಬಂಧಿಕರಿಗೆ ತಿಳಿಸಿ, ವಿಚಾರಣೆಯಲ್ಲಿ ಹಾಜರಿರಲು ಬಿಡಬೇಕು. ಸಾವಿನ ವಿಷಯ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಲುಪಬೇಕು, ಮರಣೋತ್ತರ ಪರೀಕ್ಷೆಯ ವಿಡಿಯೊ ಚಿತ್ರೀಕರಣ ಆಗಬೇಕು. ದುಃಖದ ನಡುವೆ ‘ಬೇಗ ಮುಗಿಸಿಬಿಡಿ’ ಎಂಬ ಒತ್ತಡ ಎಲ್ಲ ಕಡೆಯಿಂದ ಬರುತ್ತದೆ. ವರದಿ ಮತ್ತು ವಿಡಿಯೊ ಬಗ್ಗೆ ಖಾತ್ರಿಯಾಗದೆ ದಹನಕ್ಕೆ ಒಪ್ಪಬಾರದು. ಹೂಳುವ ಪದ್ಧತಿಯಿದ್ದರೆ ಮತ್ತೆ ಪರೀಕ್ಷೆಗೆ ಅವಕಾಶ ಉಳಿಯುತ್ತದೆ.

ಕಾನೂನಿನ ಕೊರತೆ

ಪೊಲೀಸರ ವಿರುದ್ಧ ಮೊಕದ್ದಮೆ ನಡೆಸಲು ಸರ್ಕಾರದ ಅನುಮತಿ ಬೇಕೆಂಬ ವಾದ ಪ್ರತಿ ಪ್ರಕರಣದಲ್ಲೂ ಎದುರಾಗುತ್ತದೆ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಕೂಡ ಇದನ್ನೇ ಹೇಳುತ್ತದೆ. ಕರ್ತವ್ಯಕ್ಕೆ ಸಂಬಂಧಿಸಿದ್ದರೆ, ಮಿತಿಮೀರಿದ ಕೃತ್ಯಕ್ಕೂ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಹೇಳಿತು. ಬೀಗ ಹಾಕಿದ ಕೋಣೆಯಲ್ಲಿ ಒಬ್ಬನನ್ನು ತಲೆಕೆಳಗಾಗಿ ನೇತುಹಾಕುವುದು ಯಾವ ಕರ್ತವ್ಯಕ್ಕೂ ಸೇರದು ಎಂಬುದನ್ನು ಸಂತ್ರಸ್ತರ ವಕೀಲರು ಪ್ರತಿ ಸಲವೂ ಹೊಸದಾಗಿ ವಾದಿಸಬೇಕಾಗಿದೆ. ಹೊಸ ಸಂಹಿತೆಯಲ್ಲಿ ಒಂದು ಅನುಕೂಲವುಂಟು: 120 ದಿನಗಳೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಪರಿಗಣಿಸಲಾಗುತ್ತದೆ.

ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರ ಅಕ್ಟೋಬರ್ 14ರಂದು ಸಹಿ ಹಾಕಿತು, ಅನುಮೋದಿಸಿಲ್ಲ. 2010ರಲ್ಲಿ ಲೋಕಸಭೆ ಅಂಗೀಕರಿಸಿದ ಚಿತ್ರಹಿಂಸೆ ತಡೆ ಮಸೂದೆ ರಾಜ್ಯಸಭೆಯ ಆಯ್ಕೆ ಸಮಿತಿಗೆ ಹೋಗಿ ಕೊನೆಗೆ ಬಿದ್ದುಹೋಯಿತು. ಕಾನೂನು ಆಯೋಗ 2017ರ ತನ್ನ 273ನೇ ವರದಿಯಲ್ಲಿ ಹೊಸ ಕರಡನ್ನೇ ಕೊಟ್ಟಿದೆ. ಜೀವಾವಧಿಯವರೆಗೆ ಶಿಕ್ಷೆ, ವಶದಲ್ಲಿದ್ದಾಗ ಆದ ಗಾಯವನ್ನು ಪೊಲೀಸರೇ ಮಾಡಿದ್ದೆಂದು ನ್ಯಾಯಾಲಯ ಭಾವಿಸಬಹುದೆಂಬ ನಿಯಮ ಅದರಲ್ಲಿವೆ. ಆ ಕರಡು ಇನ್ನೂ ಕಾಯ್ದೆಯಾಗಿಲ್ಲ. ಅದನ್ನು ಸಂಸತ್ತಿನಲ್ಲಿ ಮಂಡಿಸುವಂತೆ ತಮ್ಮ ಕ್ಷೇತ್ರದ ಸಂಸದರಿಗೆ ಓದುಗರು ಒಂದು ಪತ್ರ ಬರೆಯಬೇಕು.